ಸಹಾಯ ಬೇಕು: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹಳೆಯ ಫೋಟೋ, ಪತ್ರಗಳು

ಸದಸ್ಯರೆಲ್ಲರಿಗೂ ನಮಸ್ಕಾರ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೀರ್ ವಿಮಾನದಲ್ಲಿ ಹೋಗಿ, ತಮ್ಮದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿ, ತಾವು ಹಿಂತಿರುಗದೇ ಹೋದ ನಮ್ಮ ಕೊಡಗಿನ ದೇವಯ್ಯನವರನ್ನು ಅಂದು ಕಾಣೆಯಾದವರೆಂದಷ್ಟೇ ದಾಖಲಿಸಲಾಗಿತ್ತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಇದು ಬಹಳ ತಡವಾದ ಗೌರವವೆಂದೇ ನನ್ನ ಭಾವನೆ.

ಮಡಿಕೇರಿಯ ಶಾಲಾ ಮಕ್ಕಳಿಗಾಗಿ ಅವರ ಕುರಿತು ಸಣ್ಣ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಆ ಕಾಲದ ಪತ್ರಿಕೆಯ ತುಣುಕು, ಅವರೊಂದಿಗೆ ತೆಗೆಸಿಕೊಂಡ ಫೋಟೋ ಅಥವಾ ಅವರು ಬರೆದ ಪತ್ರವಿದ್ದರೆ, ಮೂಲವನ್ನು ನಿಮ್ಮಲ್ಲೇ ಇಟ್ಟುಕೊಂಡು ಸ್ಕ್ಯಾನ್ ಮಾಡಿದ ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಊರು, ಇಸವಿ ಬರೆದಿಟ್ಟಿರುವುದು ಹೆಚ್ಚಾಗಿ ಅಲ್ಲೇ. ಅವರನ್ನು ಕಂಡು ಮಾತನಾಡಿಸಿದ ಹಿರಿಯರು ನಿಮ್ಮ ಬಳಗದಲ್ಲಿದ್ದರೆ ತಿಳಿಸಿ, ನಾನೇ ಬಂದು ಕಾಣುತ್ತೇನೆ.