ತಮ್ಮನ ಹಡಗಿಗೆ ಪನಾಮಾ ಬಾವುಟ, ಮಾಲೀಕರು ಬೇರೆ ದೇಶದವರು. ಸಂಬಳ ಯಾರನ್ನು ಕೇಳುವುದು?

ಪ್ರಶ್ನೆ
ನನ್ನ ತಮ್ಮ ಸರಕು ಹಡಗಿನಲ್ಲಿ ಥರ್ಡ್ ಎಂಜಿನಿಯರ್. ಮಾಲೀಕರ ಆಫೀಸು ಒಂದು ದೇಶದಲ್ಲಿ, ಕೆಲಸಕ್ಕೆ ಕಳಿಸಿದ ಏಜೆಂಟ್ ಇನ್ನೊಂದರಲ್ಲಿ, ಬಾವುಟ ಪನಾಮಾದ್ದು. ಅವನು ಪನಾಮಾ ಕಣ್ಣಲ್ಲೂ ನೋಡಿಲ್ಲ. ಎರಡು ತಿಂಗಳು ದಾಟಿತು, ಸಂಬಳ ಇಲ್ಲ. ಅವನಿಗೆ ಯಾವ ದೇಶದ ಕಾನೂನು?

ಉತ್ತರ 1
1982ರ ಸಮುದ್ರ ಕಾನೂನು ಒಪ್ಪಂದದ 92ನೇ ವಿಧಿ ಪ್ರಕಾರ, ನಡುಗಡಲಿನಲ್ಲಿ ಹಡಗಿನ ಮೇಲೆ ಬಾವುಟದ ದೇಶಕ್ಕೇ ಅಧಿಕಾರ. ಹಡಗಿಗೂ ಆ ದೇಶಕ್ಕೂ ‘ನಿಜವಾದ ಸಂಬಂಧ’ ಇರಬೇಕು ಎಂದು 91ನೇ ವಿಧಿ ಹೇಳುತ್ತದೆ. ಆದರೆ ಸಂಬಂಧ ಅಂದರೆ ಏನು ಅಂತ ಬಿಡಿಸಿ ಹೇಳಿಲ್ಲ. ಕಡಲೇ ಇಲ್ಲದ ಮಂಗೋಲಿಯಾದಲ್ಲೂ ಹಡಗು ನೋಂದಾಯಿಸಬಹುದು. ಈಗ ಹಡಗು ಎಲ್ಲಿದೆ?

ಪ್ರಶ್ನೆ ಕೇಳಿದವರು
ಒಂದು ಬಂದರಿನಲ್ಲಿ ಸರಕು ಇಳಿಸುತ್ತಿದೆ. ನಾಲ್ಕು ದಿನ ಇರುತ್ತದಂತೆ.

ಉತ್ತರ 2
ಹಾಗಾದರೆ ಈ ನಾಲ್ಕು ದಿನ ಬಿಡಬೇಡಿ. ನಾನು ಚೀಫ್ ಆಫೀಸರ್ ಆಗಿದ್ದವನು.

2006ರ ಕಡಲ ಕಾರ್ಮಿಕ ಒಪ್ಪಂದ 2013ರಿಂದ ಜಾರಿಯಲ್ಲಿದೆ. ಪನಾಮಾ ಕೂಡ ಅದನ್ನು ಒಪ್ಪಿದೆ. ಬಾವುಟ ಯಾವುದೇ ಇರಲಿ, ಹಡಗು ನಿಂತ ಬಂದರಿನ ಅಧಿಕಾರಿಗಳಿಗೆ ನಿಮ್ಮ ತಮ್ಮ ನೇರವಾಗಿ ದೂರು ಕೊಡಬಹುದು. ಅವರು ಹಡಗಿಗೆ ಬಂದು ತಪಾಸಣೆ ಮಾಡುತ್ತಾರೆ. ತಪ್ಪು ದೊಡ್ಡದಾದರೆ ಹೊರಡಲು ಬಿಡುವುದಿಲ್ಲ. ಒಂದು ದಿನ ಹಡಗು ನಿಂತರೂ ಮಾಲೀಕರಿಗೆ ಜಾಸ್ತಿ ನಷ್ಟ. ಅದಕ್ಕೇ ಆಗ ಫೋನ್ ಎತ್ತುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಎರಡು ತಿಂಗಳ ಸಂಬಳ ಕೊಡದೆ ಕೈಬಿಟ್ಟರೆ, ಅದನ್ನು ನಾವಿಕರನ್ನು ‘ತೊರೆದದ್ದು’ ಎಂದೇ ಒಪ್ಪಂದ ಪರಿಗಣಿಸುತ್ತದೆ. ಅದಕ್ಕೆಂದೇ ವಿಮೆ ಇರಬೇಕು. ಅದರ ಸರ್ಟಿಫಿಕೇಟನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಊಟ, ಮನೆಗೆ ವಾಪಸ್ ಬರುವ ಖರ್ಚು, ಬಾಕಿ ಸಂಬಳ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಸಂಬಳಕ್ಕೆ ನಾಲ್ಕು ತಿಂಗಳ ಮಿತಿ ಇದೆ. ನನ್ನ ಹಡಗೊಂದರಲ್ಲಿ ‘ಮುಂದಿನ ಬಂದರಿನಲ್ಲಿ ಕೊಡ್ತೇವೆ’ ಎಂದದ್ದನ್ನು ನಂಬಿ ಏಳು ತಿಂಗಳು ಸುಮ್ನೆ ಕಾದೆವು. ವಿಮೆಯಿಂದ ನಾಲ್ಕು ತಿಂಗಳದ್ದು ಬಂತು. ಉಳಿದ ಮೂರು ತಿಂಗಳಿಗೆ ಹಡಗಿನ ಮೇಲೆಯೇ ಕೇಸ್ ಹಾಕಬೇಕಾಯಿತು. ನನ್ನ ಕೈಕೆಳಗಿದ್ದ ಹುಡುಗರಿಗೆ ಇದನ್ನು ಮೊದಲೇ ಹೇಳಬೇಕಿತ್ತು. ಇವತ್ತಿಗೂ ಆ ನೋವಿದೆ.

‘ಪೂರ್ತಿ ಸಂಬಳ ಮುಟ್ಟಿದೆ’ ಎಂಬ ಕಾಗದಕ್ಕೆ ಮಾತ್ರ ಸಹಿ ಹಾಕಬಾರದು ಅಂತ ಹೇಳಿ.

ಪ್ರಶ್ನೆ ಕೇಳಿದವರು
ಸರ್ಟಿಫಿಕೇಟ್ ಮೆಸ್ ರೂಮಿನ ಗೋಡೆ ಮೇಲೇ ಇತ್ತಂತೆ. ಫೋಟೋ ಕಳಿಸಿದ್ದಾನೆ. ನಾಳೆ ಬೆಳಿಗ್ಗೆ ಅವನೂ ಇನ್ನಿಬ್ಬರೂ ಸೇರಿ ದೂರು ಕೊಡುತ್ತಾರೆ.

ಉತ್ತರ 2
ಸರ್ಟಿಫಿಕೇಟಿನ ಅವಧಿ ಮುಗಿದಿಲ್ಲ ತಾನೇ? ನೋಡಿ ಹೇಳಿ. ಕರಾರು ಪತ್ರ, ಸಂಬಳದ ಚೀಟಿಗಳ ಫೋಟೋ ಕೂಡ ಇವತ್ತೇ ನಿಮಗೆ ಕಳಿಸಲಿ.