ಮನಾಲಿ ಹಿಮಕ್ಕೆ ಬೆಂಗಳೂರಿನ ಕಾರು: ಇನ್ಶೂರೆನ್ಸ್‌ನಲ್ಲಿ ಎಲ್ಲಿ ಉಳಿಸಬಹುದು?

ಪ್ರಶ್ನೆ (ವಿಜಯನಗರದ ಸದಸ್ಯರು): ನಮಸ್ಕಾರ ಮೇಡಂ. ನಮ್ಮದು ನಾಲ್ಕು ವರ್ಷದ 1.5 ಲೀಟರ್ ಡೀಸೆಲ್ ಕಾರು. ಡಿಸೆಂಬರಿನಲ್ಲಿ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಸಿಸ್ಸು ನೋಡಿ ಬರೋಣ ಅಂತ ಇದ್ದೇವೆ. ನವೆಂಬರಿನಲ್ಲಿ ಪಾಲಿಸಿ ಮುಗಿಯುತ್ತದೆ. ಏಜೆಂಟ್ "ಹಿಮದ ಕಡೆ ಓಡಿಸ್ತೀರಲ್ಲ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದು ಏನೇನೋ ಆ್ಯಡ್-ಆನ್ (ಹೆಚ್ಚು ದುಡ್ಡು ಕೊಟ್ಟು ಪಡೆಯುವ ಕವರ್) ಸೇರಿಸಿ ಕಳಿಸಿದ್ದಾರೆ. ಇವತ್ತಿನವರೆಗೂ ಒಂದೂ ಕ್ಲೇಮ್ ಮಾಡಿಲ್ಲ. ಎಲ್ಲಿ ಕಡಿಮೆ ಮಾಡಬಹುದು?

ಉತ್ತರ (ಮೋಟಾರ್ ಸರ್ವೇಯರ್, ಅಂದರೆ ಕ್ಲೇಮ್ ಬಂದಾಗ ಕಾರಿನ ಹಾನಿ ಪರಿಶೀಲಿಸುವವರು): ನಮಸ್ಕಾರ ಸರ್. ಮೊದಲು ಆ ಏಜೆಂಟ್ ಮಾತು ಬಿಡಿ. ಪ್ರೀಮಿಯಂ ಲೆಕ್ಕ ಆಗುವುದು ಕಾರು ಎಲ್ಲಿ ರಿಜಿಸ್ಟರ್ ಆಗಿದೆ ಅನ್ನುವುದರ ಮೇಲೆ, ನೀವು ಎಲ್ಲಿಗೆ ಟೂರ್ ಹೋಗುತ್ತೀರಿ ಅನ್ನುವುದರ ಮೇಲೆ ಅಲ್ಲ. ಮಾಮೂಲಿ ಕಾಂಪ್ರಹೆನ್ಸಿವ್ ಪಾಲಿಸಿ ಇಡೀ ಭಾರತಕ್ಕೆ ಅನ್ವಯಿಸುತ್ತದೆ. ಭೂಕುಸಿತ, ಬಂಡೆ ಉರುಳುವುದು, ಆಲಿಕಲ್ಲು, ಬಿರುಗಾಳಿ ಎಲ್ಲ ಅದರಲ್ಲೇ ಇವೆ. ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ) ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ದರದಲ್ಲಿ 1,000ದಿಂದ 1,500 ಸಿಸಿವರೆಗಿನ ಕಾರಿಗೆ ₹3,416. ಅದರಲ್ಲಿ ಚೌಕಾಸಿ ಇಲ್ಲ. ಉಳಿತಾಯ ಏನಿದ್ದರೂ ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿನ ಹಾನಿಗೆ ಕಟ್ಟುವ ಭಾಗದಲ್ಲಿ.

ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ನಾಲ್ಕು ವರ್ಷ ಕ್ಲೇಮ್ ಇಲ್ಲ ಅಂದರೆ ಈ ಸಲ 45%, ಮುಂದಿನ ಸಲ 50%. ಒಂದು ಸಣ್ಣ ಕ್ಲೇಮ್ ಮಾಡಿದರೂ ಅದು ಸೊನ್ನೆಗೆ ಬಂದು, ಮತ್ತೆ 20, 25 ಅಂತ ಹತ್ತಬೇಕು. ಬೋನಸ್ ಕಳೆಯುವ ಮುಂಚೆ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ₹10,000 ಅಂತ ಇಟ್ಟುಕೊಳ್ಳಿ. ಈ ಟ್ರಿಪ್‌ನಲ್ಲಿ ಕ್ಲೇಮ್ ಮಾಡಿದರೆ 50% ಬದಲು 0, 20, 25 ಸಿಕ್ಕಿ, ಮೊದಲ ವರ್ಷ ₹5,000, ಎರಡನೇ ವರ್ಷ ₹3,000, ಮೂರನೇ ವರ್ಷ ₹2,500 ಕೈಬಿಡುತ್ತದೆ. ಒಟ್ಟು ಹತ್ತು ಸಾವಿರದ ಮೇಲಾಯಿತು. ಹಾಗಾಗಿ ಮನಾಲಿ ಗಲ್ಲಿಯಲ್ಲಿ ಬಂಪರ್ ಉಜ್ಜಿ ಐದಾರು ಸಾವಿರ ಖರ್ಚಾದರೆ ಸುಮ್ನೆ ಕೈಯಿಂದ ಕೊಟ್ಟುಬಿಡಿ. ನೋ ಕ್ಲೇಮ್ ಬೋನಸ್ ಪ್ರೊಟೆಕ್ಷನ್ ಅನ್ನುವ ಆ್ಯಡ್-ಆನ್ ನಿಮ್ಮ ಪಟ್ಟಿಯಲ್ಲಿದ್ದರೆ ತೆಗೆಸಬೇಡಿ. ರಿನ್ಯೂವಲ್ ತಡವಾಗಿ 90 ದಿನ ದಾಟಿದರೂ ಈ ಬೋನಸ್ ಹೋಗುತ್ತದೆ, ಜ್ಞಾಪಕ ಇರಲಿ.

ಇನ್ನು ಉಳಿದ ಆ್ಯಡ್-ಆನ್‌ಗಳು. ಎಂಜಿನ್ ಪ್ರೊಟೆಕ್ಷನ್ ಇರಲಿ. ಹಿಮದಡಿ ಕಲ್ಲು ಕಾಣುವುದಿಲ್ಲ, ಆಯಿಲ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಹೊಡೆಯುತ್ತದೆ. ಆಯಿಲ್ ಸೋರುತ್ತಿದ್ದರೂ "ಹೋಟೆಲ್ ಇಲ್ಲೇ ಇದೆ" ಅಂತ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಸಂಪ್‌ಗೆ ದುಡ್ಡು ಬರುತ್ತದೆ, ಎಂಜಿನ್‌ಗೆ ಬರುವುದಿಲ್ಲ. ಈ ಆ್ಯಡ್-ಆನ್ ಇದ್ದರೂ ಅಪಘಾತದ ನಂತರ ಓಡಿಸಿದ್ದು ಗೊತ್ತಾದರೆ ತಕರಾರು ಬಂದೇ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಹತ್ತಿದ ಕೂಡಲೇ ನಿಲ್ಲಿಸಿ, ಫೋಟೊ ತೆಗೆದು, ಕಂಪನಿಗೆ ಫೋನ್ ಮಾಡಿ. ನಮ್ಮೂರಿನ ಅಂಡರ್‌ಪಾಸ್ ಮಳೆಗೂ ಇದೇ ಆ್ಯಡ್-ಆನ್ ಬೇಕು, ಅಲ್ವಾ?

ರೋಡ್‌ಸೈಡ್ ಅಸಿಸ್ಟೆನ್ಸ್ ಕೂಡ ಇರಲಿ. ಮಾಮೂಲಿ ಪಾಲಿಸಿಯಲ್ಲಿ ಟೋಯಿಂಗ್‌ಗೆ ಸಿಗುವುದು ₹1,500 ಮಾತ್ರ, ಬೆಟ್ಟದಲ್ಲಿ ಅದು ಯಾವ ಮೂಲೆಗೂ ಸಾಲದು. ಎಷ್ಟು ಕಿಲೋಮೀಟರ್‌ವರೆಗೆ ಎಳೆದುಕೊಂಡು ಹೋಗುತ್ತಾರೆ ಅಂತ ಪಾಲಿಸಿಯಲ್ಲೇ ಓದಿ. ಝೀರೋ ಡೆಪ್ (ಭಾಗಗಳ ಸವಕಳಿ ಕಡಿತ ಮಾಡದ ಆ್ಯಡ್-ಆನ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮದೇ. ಗಾಜಿಗೆ ಮಾತ್ರ ಮಾಮೂಲಿ ಪಾಲಿಸಿಯಲ್ಲೂ ಸವಕಳಿ ಕಡಿತ ಇಲ್ಲ.

ಕೀ ರಿಪ್ಲೇಸ್‌ಮೆಂಟ್, ಲಗೇಜ್ ಕವರ್ ತೆಗೆಸಿ. ಬೇರೆ ಕಡೆ ₹15 ಲಕ್ಷದ ಅಪಘಾತ ವಿಮೆ ಇದ್ದರೆ ಕಾರಿನ ಪಾಲಿಸಿಯಲ್ಲಿ ಮತ್ತೊಮ್ಮೆ ಓನರ್-ಡ್ರೈವರ್ ಕವರ್ ಬೇಡ. ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಇಳಿಸಿ ಪ್ರೀಮಿಯಂ ಕಡಿಮೆ ಮಾಡುವ ಉಪಾಯ ಮಾತ್ರ ಬೇಡ. ಕಾರು ಕಮರಿಗೆ ಬಿದ್ದರೆ ಕೈಗೆ ಬರುವುದು ಅಷ್ಟೇ.

ಪ್ರಶ್ನೆ (ಜಯನಗರ): ವಾಲಂಟರಿ ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ಇಷ್ಟು ದುಡ್ಡು ನಾವೇ ಹಾಕ್ತೀವಿ ಅನ್ನೋದು) ತಗೊಂಡರೆ ಪ್ರೀಮಿಯಂ ಇಳಿಯುತ್ತಲ್ಲ ಮೇಡಂ? ಓಡಿಸಿದಷ್ಟೇ ಕಟ್ಟುವ ಪಾಲಿಸಿನೂ ಇದೆಯಂತೆ.

ಉತ್ತರ: ಇಳಿಯುತ್ತದೆ. ಆದರೆ ಎಲ್ಲ ಕಂಪನಿಗೂ ಒಂದೇ ದರಪಟ್ಟಿ ಇದ್ದ ಹಳೇ ಟ್ಯಾರಿಫ್‌ನಲ್ಲಿ ₹15,000 ನಾನೇ ಹೊರುತ್ತೇನೆ ಅಂದರೂ ರಿಯಾಯಿತಿ ₹2,500 ದಾಟುತ್ತಿರಲಿಲ್ಲ. ಈಗ ಕಂಪನಿಗೊಂದು ದರ, ಕೇಳಿ ನೋಡಿ. ಮೆಟ್ರೋದಲ್ಲಿ ಓಡಾಡಿ ಕಾರನ್ನು ಭಾನುವಾರ ಮಾತ್ರ ತೆಗೆಯುವವರಿಗೆ ಇದು ಸರಿ. ಹಿಮಕ್ಕೆ ಹೋಗುವ ವರ್ಷ ನಾನಂತೂ ಬೇಡ ಅನ್ನುತ್ತೇನೆ. ಕಿಲೋಮೀಟರ್ ಲೆಕ್ಕದ ಪಾಲಿಸಿಯೂ ಅಷ್ಟೇ. ಬೆಂಗಳೂರಿಂದ ಮನಾಲಿಗೆ ಹೋಗಿ ಬರುವುದರಲ್ಲೇ 5,000 ಕಿ.ಮೀ. ದಾಟುತ್ತದೆ. ವರ್ಷದ ಮಿತಿ ಒಂದೇ ಟ್ರಿಪ್‌ಗೆ ಖಾಲಿ.

ಪ್ರಶ್ನೆ (ವಿಜಯನಗರದ ಸದಸ್ಯರು): ಚಳಿಗೆ ಎಂಜಿನ್ ಕೆಟ್ಟರೆ ಕ್ಲೇಮ್ ಸಿಗುತ್ತಾ?

ಉತ್ತರ: ಪಾಲಿಸಿಯ ಪಟ್ಟಿಯಲ್ಲಿ ಹಿಮಗಟ್ಟುವ ಚಳಿಯ ಹೆಸರೂ ಇದೆ. ಆದರೆ ನಾನು ಸರ್ವೇಗೆ ಬಂದರೆ ಮೊದಲು ನೋಡುವುದು ಕೂಲಂಟ್. ನಮ್ಮಲ್ಲಿ ಎಷ್ಟೋ ಜನ ರೇಡಿಯೇಟರ್‌ಗೆ ಬರೀ ನೀರು ಸುರಿದುಕೊಂಡು ಆರಾಮಾಗಿ ಓಡಾಡುತ್ತಾರೆ. ನೀರು ಗಡ್ಡೆ ಕಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಎಂಜಿನ್ ಬ್ಲಾಕೇ ಬಿರುಕು ಬಿಡಬಹುದು. ಅದನ್ನು ಕಂಪನಿ ನಿರ್ವಹಣೆಯ ತಪ್ಪು ಅಂತ ತಳ್ಳಿಹಾಕಲು ನೋಡುತ್ತದೆ. ಗ್ಲೈಕಾಲ್ ಕೂಲಂಟ್ ಅರ್ಧ, ನೀರು ಅರ್ಧ ಇದ್ದರೆ ಮೈನಸ್ 35 ಡಿಗ್ರಿವರೆಗೂ ಭಯವಿಲ್ಲ. ಹೊರಡುವ ಮುಂಚೆ ಬದಲಾಯಿಸಿ, ಬಿಲ್ ಇಟ್ಟುಕೊಳ್ಳಿ. ಡೀಸೆಲ್ ಚಳಿಗೆ ಗಟ್ಟಿಯಾಗಿ ಕಾರು ನಿಂತರೆ ಅದು ಅಪಘಾತ ಅಲ್ಲ, ಕ್ಲೇಮ್ ಇಲ್ಲ. ಚಳಿಯ ಪ್ರದೇಶ ತಲುಪಿದ ಮೇಲೆ ಅಲ್ಲಿನ ಬಂಕ್‌ಗಳಲ್ಲೇ ಟ್ಯಾಂಕ್ ತುಂಬಿಸಿ.

ಪ್ರಶ್ನೆ (ಯಲಹಂಕ): ನಮ್ಮ ಭಾವನವರಿಗೆ ಲೇಹ್‌ಗೆ ಎರಡು ವರ್ಷಕ್ಕೆ ವರ್ಗ ಆಗಿದೆ. ಕಾರು ತಗೊಂಡು ಹೋಗ್ತಾರೆ. ಅವರಿಗೂ ಇದೇ ಲೆಕ್ಕನಾ?

ಉತ್ತರ: ಅವರದು ಬೇರೆ. 12 ತಿಂಗಳು ಮೀರಿ ಕಾರು ಅಲ್ಲೇ ಇದ್ದರೆ ಅಲ್ಲಿಯ ರಿಜಿಸ್ಟ್ರೇಶನ್ ಆಗಬೇಕು, ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಳ್ಳಲಿ. ತಮಾಷೆ ಏನಂದರೆ, ಹಳೇ ಟ್ಯಾರಿಫ್ ಪ್ರಕಾರ ಬೆಂಗಳೂರು ಎ ವಲಯ, ಲೇಹ್ ಬಿ ವಲಯ. ಬಿ ವಲಯದ ಓನ್ ಡ್ಯಾಮೇಜ್ ದರ ಕಡಿಮೆ! ಡೀಸೆಲ್ ಕಾರಾದರೆ ಚಳಿಗಾಲದಲ್ಲಿ ವಿಂಟರ್ ಡೀಸೆಲ್ ಹಾಕಿಸಲಿ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ಅಂತಲೇ ತಂದಿದ್ದು, ಮೈನಸ್ 33 ಡಿಗ್ರಿಯಲ್ಲೂ ಗಟ್ಟಿಯಾಗುವುದಿಲ್ಲ. ಹೊಸ ನಂಬರ್ ಬಂದ ಕೂಡಲೇ ಪಾಲಿಸಿಯಲ್ಲಿ ಎಂಡಾರ್ಸ್‌ಮೆಂಟ್ (ಬದಲಾವಣೆಯ ದಾಖಲೆ) ಮಾಡಿಸಿಕೊಳ್ಳಲು ಹೇಳಿ. ಪಾಲಿಸಿಯಲ್ಲಿ ಕೆಎ ನಂಬರ್, ಕಾರಿನಲ್ಲಿ ಲಡಾಖ್ ನಂಬರ್ ಇದ್ದರೆ ಕ್ಲೇಮ್ ಫೈಲ್ ಅಲ್ಲೇ ಕೂರುತ್ತದೆ.