ಎಣ್ಣೆ "ಏಜಿಂಗ್" ಆಗೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಓದೋ ಹುಡುಗರಿಗೆ ಅಂತ ಸಸ್ಯದ ಎಣ್ಣೆಯಿಂದ ಮಾಡೋ ಲೂಬ್ರಿಕೆಂಟುಗಳ ಬಗ್ಗೆ ಬರೀತಿದೀನಿ, ಮಣ್ಣಿಗೆ ಚೆಲ್ಲಿದ್ರೂ ಸೂಕ್ಷ್ಮಜೀವಿಗಳು ತಿಂದು ಮುಗಿಸ್ತಾವಲ್ಲ, ಆ ಥರದ್ದು. ಲೂಬ್ರಿಕೆಂಟಿಗೆ ಕೀಲೆಣ್ಣೆ ಅಂದ್ಬಿಟ್ಟೆ, ಎತ್ತಿನ ಗಾಡಿ ಅಚ್ಚಿಗೆ ಹರಳೆಣ್ಣೆ ಹಾಕ್ತಿದ್ದ ಕಾಲದ ಪದ, ಅದ್ರಲ್ಲಿ ತಕರಾರಿಲ್ಲ. ಸಿಕ್ಕಾಕ್ಕೊಂಡಿರೋದು ಏಜಿಂಗ್ ಹತ್ರ, ಅಂದ್ರೆ ಗಾಳಿ, ಬಿಸಿ, ನೀರಿಗೆ ಸಿಕ್ಕಿ ಎಣ್ಣೆ ತನ್ನ ಗುಣ ಕಳ್ಕೊಳ್ಳೋದು.

ವೃದ್ಧಾಪ್ಯ ಅಂತ ಎಣ್ಣೆಗೆ ಬರೆಯೋಕೆ ಕೈ ಬರಲ್ಲ. ಮಾಗು ಅಂದ್ರೆ ಒಳ್ಳೇದಾಯ್ತು ಅನ್ನಿಸುತ್ತೆ, ಹಳಸೋದು ಅನ್ನ ಸಾರು. ಉಳಿದಿದ್ದು ಕಮಟು. ಕೊಬ್ಬರಿ ಕಮಟಾಗಿದೆ ಅಂದ್ರೆ ಯಾರಿಗೂ ವಿವರಿಸಬೇಕಿಲ್ಲ, ಚಂದದ ಪದ, ಆದ್ರೆ ಅದು ಮೂಗಿಗೆ ಸಿಕ್ಕಿದ್ದನ್ನಷ್ಟೇ ಹೇಳುತ್ತೆ. ಒಳಗೆ ನಡೆಯೋದು ಇನ್ನೂ ಇದೆ: ಗಾಳಿಯ ಆಮ್ಲಜನಕ ಎಣ್ಣೆ ಅಣುವಿನ ಜೋಡಿಬಂಧದ (ಎರಡು ಇಂಗಾಲದ ನಡುವಿನ ಡಬಲ್ ಬಾಂಡ್) ಪಕ್ಕ ಸೇರ್ಕೊಂಡು ಪೆರಾಕ್ಸೈಡ್ ಆಗುತ್ತೆ, ಅದು ಒಡೆದು ಆಲ್ಡಿಹೈಡು, ಆಮ್ಲ ಆಗುತ್ತೆ, ಕಮಟು ವಾಸನೆ ಅಲ್ಲಿಂದ್ಲೇ, ಜೊತೆಗೆ ಅಣುಗಳು ಒಂದಕ್ಕೊಂದು ಹೆಣ್ಕೊಂಡು ಎಣ್ಣೆ ಮಂದ ಆಗ್ತಾ ಕೊನೆಗೆ ಅಂಟಾಗುತ್ತೆ. ನೀರು ಸೇರಿದ್ರೆ ಎಣ್ಣೆ ಅಣುವಿನ ಭಾಗಗಳನ್ನ ಹಿಡಿದಿಟ್ಟಿರೋ ಎಸ್ಟರ್ ಬಂಧ ಬಿಟ್ಕೊಂಡು ಫ್ಯಾಟಿ ಆಸಿಡ್ ಹೊರಬಂದು ತಾಮ್ರ ಹಿತ್ತಾಳೆ ಭಾಗಗಳನ್ನ ತಿನ್ನುತ್ತೆ.

ನಮ್ಮನೆ ಹೊಲಿಗೆ ಮೆಷಿನ್ನಿಗೆ ಸೂರ್ಯಕಾಂತಿ ಎಣ್ಣೆ ಬಿಟ್ಟು ಆರು ತಿಂಗಳು ಮುಟ್ಟಿರ್ಲಿಲ್ಲ, ಆಮೇಲೆ ಚಕ್ರ ಅಲ್ಲಾಡ್ಲೇ ಇಲ್ಲ. ರಿಪೇರಿಯವರು ನೋಡಿ "ಎಣ್ಣೆ ಗೋಂದಾಗಿದೆ" ಅಂದ್ರು, ಕಮಟು ಅನ್ನಲಿಲ್ಲ. ಜೋಡಿಬಂಧ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಒಣಗಿ ಗಟ್ಟಿಯಾಗುತ್ತೆ. ಆ ಸೂರ್ಯಕಾಂತಿ ಎಣ್ಣೆಯಲ್ಲಿ ಎರಡು ಜೋಡಿಬಂಧದ ಲಿನೋಲಿಕ್ ಆಸಿಡ್ ಜಾಸ್ತಿ, ಅಗಸೆ ಎಣ್ಣೆಯಲ್ಲಿ ಮೂರರದ್ದು, ಅದಕ್ಕೇ ಅಗಸೆ ಎಣ್ಣೆ ಪೇಂಟಿಗೆ ಹೋಯ್ತು. ಹರಳೆಣ್ಣೆಯ ಮುಖ್ಯ ಆಮ್ಲದಲ್ಲಿ ಒಂದೇ ಇರೋದ್ರಿಂದ ಅದು ಹಾಗೆ ಒಣಗಲ್ಲ.

ಹಳತಾಗು ಅನ್ನೋಣ ಅಂದ್ರೆ ಲ್ಯಾಬಿನ ಟೆಸ್ಟು ಅಡ್ಡ ಬರುತ್ತೆ. ರ‍್ಯಾನ್ಸಿಮ್ಯಾಟ್ ಅನ್ನೋ ಉಪಕರಣದಲ್ಲಿ ಎಣ್ಣೆಯನ್ನ 110 ಡಿಗ್ರಿಗೋ ಅದರ ಆಚೀಚೆಗೋ ಕಾಯಿಸಿ ಗಾಳಿ ಊದ್ತಾರೆ, ಹೊರಬರೋ ಆಮ್ಲಗಳನ್ನ ನೀರಲ್ಲಿ ಹಿಡಿದು ಆ ನೀರಿನ ವಿದ್ಯುತ್ ವಾಹಕತೆ ಯಾವಾಗ ಏರುತ್ತೆ ಅಂತ ನೋಡ್ತಾರೆ. ತಿಂಗಳುಗಟ್ಟಲೆ ಆಗೋದು ಕೆಲವೇ ಗಂಟೆಯಲ್ಲಿ ಆಗ್ಹೋಗುತ್ತೆ, ಬೆಳಿಗ್ಗೆ ತಂದ ಹೊಸ ಎಣ್ಣೆಗೆ ಸಂಜೆ ಹಳತು ಅನ್ನೋದು ಹೇಗೆ? ಕೆಡು ಅಂದ್ರೆ ಧೂಳು ಬಿದ್ದು ಕೆಟ್ಟಿದ್ದೂ ಸೇರ್ಕೊಳ್ಳುತ್ತೆ.

ಸದ್ಯಕ್ಕೆ "ಎಣ್ಣೆಗೆ ಮುಪ್ಪು ಹಿಡಿಯೋದು" ಅಂತ ಬರೆದಿಟ್ಟಿದೀನಿ. ಸರಿ ಅನ್ಸುತ್ತಾ? ಇನ್ನೊಂದು, ಗಾಡಿ ಇಟ್ಕೊಂಡಿದ್ದ ಮನೆಯವರು, ಗಾಣದವರು ಇಲ್ಲಿದ್ರೆ ದಯವಿಟ್ಟು ಹೇಳಿ, ಅಚ್ಚಿನಲ್ಲಿ ಹಳೇ ಕೀಲೆಣ್ಣೆ ಕರೀ ಮೇಣದ ಹಾಗೆ ಕೂತಿರ್ತಿತ್ತಲ್ಲ, ಅದನ್ನ ಕೆರೆದು ತೆಗಿಯೋವಾಗ ಮನೇಲಿ ಏನಂತಿದ್ರು?